ದನಗಳ ಹೊಟ್ಟೆಯುಬ್ಬರವೂ ಮೊದಲ ತಾಸಿನ ಉಪಚಾರವೂ

ಹಬ್ಬದ ದಿನ ಹೋಳಿಗೆಯ ಊಟವು ಮಿತಿಮೀರಿದರೆ ಮನುಷ್ಯನು ಪಡಸಾಲೆಯಲ್ಲಿ ಒಂದು ಮಗ್ಗುಲಿಗೆ ಒರಗಿ, ನಾಲ್ಕು ಸಲ ತೇಗಿ, ರಾತ್ರಿಯ ಊಟವನ್ನು ಬಿಟ್ಟು, ಮರುದಿನ ಮುಂಜಾನೆ ಎಂದಿನಂತೆ ಹೊಲಕ್ಕೆ ಹೋಗುತ್ತಾನೆ. ಎತ್ತಿಗೆ ಈ ಸೌಕರ್ಯವಿರುವದಿಲ್ಲ. ಮಿತಿಮೀರಿ ತಿಂದ ಎತ್ತಿಗೆ ತೇಗು ಬಾರದೆ ಹೋದರೆ ಎರಡು ಮೂರು ತಾಸುಗಳಲ್ಲಿ ಅದರ ಪ್ರಾಣಕ್ಕೇ ಸಂಚಕಾರ ಬರುವದುಂಟು. ಸಂಜೆ ಗೋದಲಿಯಲ್ಲಿ ಸುಖವಾಗಿ ಮೇಯುತ್ತಿದ್ದ ದನವು ಬೆಳಗಾಗುವಷ್ಟರಲ್ಲಿ ಡೊಳ್ಳಿನಂತೆ ಉಬ್ಬಿ ಸತ್ತು ಬಿದ್ದಿರುವದನ್ನು ಕಂಡ ಒಕ್ಕಲಿಗರು ನಮ್ಮ ಬೈಲಹೊಂಗಲ ತಾಲೂಕಿನಲ್ಲಿ ವಿರಳವಲ್ಲ. ಇದಕ್ಕೆ ದೃಷ್ಟಿಯನ್ನೋ, ಹಾವು ಮುಟ್ಟಿದ್ದನ್ನೋ, ನೆರೆಯವನ ಮತ್ಸರವನ್ನೋ ಕಾರಣವೆಂದು ಹೇಳುವದುಂಟು. ನಿಜವಾದ ಕಾರಣವು ಬಹುತರವಾಗಿ ಗೋದಲಿಯಲ್ಲಿಯೇ ಇರುತ್ತದೆ.

ನೇಸರಗಿಯ ಸುತ್ತಲಿನ ಎರೆಭೂಮಿಯಲ್ಲಿ ದನಗಳ ಆಹಾರವು ವರ್ಷವಿಡೀ ಒಂದೇ ರೀತಿಯಾಗಿರುವದಿಲ್ಲ. ಬೇಸಿಗೆಯಲ್ಲಿ ಬಣವೆಯ ಜೋಳದ ಕಣಿಕೆಯೊಂದೇ ಗತಿ. ಮಿರುಗದ ಮಳೆಯಾಗಿ ಎಂಟು ದಿನಗಳಲ್ಲಿ ಬದುವುಗಳ ಮೇಲೆ ಎಳೆಹುಲ್ಲು ಚಿಗಿಯುತ್ತದೆ. ಮುಂದೆ ಸೋಯಾಬೀನ, ಶೇಂಗಾ, ಅಲಸಂದಿಗಳ ಹಸುರು; ಅದರ ಹಿಂದೆ ಗೋವಿನಜೋಳದ ರಾಶಿ; ಹಿಂಗಾರಿಯಲ್ಲಿ ಕಡಲೆಯ ಎಳೆಗಿಡ. ನೀರಾವರಿ ಇದ್ದವರು ಹೈನದ ಆಕಳುಗಳ ಸಲುವಾಗಿ ಕುದುರೆ ಮಸಾಲೆಯ ಸೊಪ್ಪನ್ನೂ ಬೆಳೆಯುತ್ತಾರೆ. ಒಣಮೇವಿನಿಂದ ಹಸುರಿಗೆ, ಹಸುರಿನಿಂದ ಕಾಳಿಗೆ, ಹೀಗೆ ಮೇವು ಥಟ್ಟನೆ ಬದಲಾಗುವ ದಿನಗಳೇ ಉಬ್ಬರದ ದಿನಗಳು.

ಉಪಚಾರವನ್ನು ತಿಳಿಯುವ ಮೊದಲು ಎತ್ತಿನ ಹೊಟ್ಟೆಯೊಳಗೆ ಏನು ನಡೆಯುತ್ತದೆಂಬದನ್ನು ಅರಿಯುವದು ಅವಶ್ಯ. ಮೆಲುಕು ಹಾಕುವ ಪ್ರಾಣಿಗಳಿಗೆ ಹೊಟ್ಟೆಯು ನಾಲ್ಕು ಭಾಗವಾಗಿರುತ್ತದೆ. ಇವುಗಳಲ್ಲಿ ಮೊದಲನೆಯದು ಎಡಬದಿಯನ್ನೆಲ್ಲ ವ್ಯಾಪಿಸಿಕೊಂಡ ದೊಡ್ಡ ಚೀಲ. ಬೆಳೆದ ಎತ್ತಿನಲ್ಲಿ ಇದು ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಇದನ್ನು ಒಂದು ಹುದುಗಿನ ಹರವಿಯೆಂದೇ ತಿಳಿಯಬಹುದು. ಕಣ್ಣಿಗೆ ಕಾಣದ ಕೋಟ್ಯವಧಿ ಸೂಕ್ಷ್ಮಜೀವಿಗಳು ಅದರಲ್ಲಿ ಹಗಲಿರುಳು ಮೇವನ್ನು ಹುದುಗಿಸಿ ಕರಗಿಸುತ್ತವೆ. ಮನುಷ್ಯನಿಗೆ ಅರಗದ ಕಣಿಕೆಯು ಎತ್ತಿಗೆ ಅರಗುವದು ಈ ಜೀವಿಗಳ ದೆಸೆಯಿಂದಲೇ. ಹುದುಗುವಾಗ ಇಂಗಾಲದ ಡೈ ಆಕ್ಸೈಡು, ಮೀಥೇನು ಎಂಬ ವಾಯುಗಳು ಹುಟ್ಟುತ್ತವೆ. ಮೇವು ತಿಂದಾದ ಮೇಲೆ ತಾಸಿಗೆ 30ರಿಂದ 50 ಲೀಟರಿನಷ್ಟು ವಾಯುವು ಹುಟ್ಟಬಹುದು. ಇಷ್ಟೆಲ್ಲ ವಾಯುವು ಹೊರಬೀಳುವ ಮುಖ್ಯ ದಾರಿಯು ತೇಗು. ಸ್ವಸ್ಥವಾದ ಎತ್ತು ನಿಮಿಷ ಎರಡು ನಿಮಿಷಕ್ಕೊಮ್ಮೆ ಸದ್ದಿಲ್ಲದೆ ತೇಗುತ್ತಲೇ ಇರುತ್ತದೆ. ನಾವು ಲಕ್ಷ್ಯವಿಡುವದಿಲ್ಲ, ಅಷ್ಟೇ.

ಈ ದಾರಿಯು ಕಟ್ಟಿತೆಂದರೆ ಚೀಲವು ಉಬ್ಬುತ್ತ ಹೋಗುತ್ತದೆ. ಎಳೆಯ ದ್ವಿದಳ ಸೊಪ್ಪುಗಳಲ್ಲಿ ಬೇಗ ಕರಗುವ ಸಸಾರಜನಕ ಪದಾರ್ಥಗಳು ಹೆಚ್ಚು. ಅವುಗಳಿಂದ ಹೊಟ್ಟೆಯ ದ್ರವವು ಸಾಬೂನಿನ ನೀರಿನಂತೆ ನೊರೆಯಾಗಿ, ವಾಯುವೆಲ್ಲ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಟಲಿನ ನಳಿಗೆಯು ಚೀಲವನ್ನು ಕೂಡುವ ಬಾಗಿಲಿಗೆ ನೊರೆಯಾಗಲಿ ನೀರಾಗಲಿ ತಗಲಿದರೆ ಆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ; ಹಾಗಿಲ್ಲದಿದ್ದರೆ ದ್ರವವು ಮೇಲೇರಿ ಶ್ವಾಸನಾಳಕ್ಕೆ ಹೋದೀತೆಂದು ಸೃಷ್ಟಿಯು ಮಾಡಿದ ಏರ್ಪಾಡು ಇದು. ಕಾಪಾಡಬೇಕಾದ ಈ ಏರ್ಪಾಡೇ ಇಲ್ಲಿ ಕೊಲ್ಲುತ್ತದೆ. ಉಬ್ಬಿದ ಚೀಲವು ವಪೆಯನ್ನು ಮುಂದಕ್ಕೆ ನೂಕಿ ಪುಪ್ಪುಸಗಳನ್ನು ಅಮುಕುತ್ತದೆ. ಎತ್ತು ಸಾಯುವದು ಹೊಟ್ಟೆ ಒಡೆದು ಅಲ್ಲ, ಉಸಿರು ಕಟ್ಟಿ.

ಲಕ್ಷಣಗಳು ಸ್ಪಷ್ಟವಾಗಿರುತ್ತವೆ. ಎತ್ತು ಮೇವನ್ನು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಏಳುತ್ತದೆ, ಮಲಗುತ್ತದೆ. ಎಡಬದಿಯಲ್ಲಿ ಕಡೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಇರುವ ತಗ್ಗು ಮೊದಲು ತುಂಬಿಕೊಂಡು, ಆಮೇಲೆ ಬೆನ್ನೆಲುಬಿಗಿಂತಲೂ ಮೇಲಕ್ಕೆ ಏಳುತ್ತದೆ. ಬೆರಳಿನಿಂದ ತಟ್ಟಿದರೆ ಹಲಗೆಯನ್ನು ಬಾರಿಸಿದಂಥ ಸಪ್ಪಳ. ನಾಲಗೆಯನ್ನು ಹೊರಚಾಚಿ, ಕುತ್ತಿಗೆಯನ್ನು ನೀಡಿ, ಬಾಯಿಂದ ಉಸಿರಾಡಲಿಕ್ಕೆ ಹತ್ತಿತೆಂದರೆ ಕಾಲವು ಅತ್ಯಲ್ಪವೆಂದು ತಿಳಿಯತಕ್ಕದ್ದು.

ಆದರೆ ಉಬ್ಬಿದ ಹೊಟ್ಟೆಗಳೆಲ್ಲ ಒಂದೇ ಅಲ್ಲ. ಈ ಮಾತನ್ನು ನಾನು ಪುಸ್ತಕದಿಂದಲ್ಲ, ಒಬ್ಬ ಬಡ ಒಕ್ಕಲಿಗನ ನಷ್ಟದಿಂದ ಕಲಿತೆನೆಂಬದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ, ನಾನು ಈ ಭಾಗಕ್ಕೆ ಬಂದ ಹೊಸದರಲ್ಲಿ, ಕಡಲೆಯ ಬೀಜದ ವಿಷಯವಾಗಿ ಒಂದು ಹಳ್ಳಿಯಲ್ಲಿ ವಸತಿ ಮಾಡಿದ್ದೆನು. ಗೋವಿನಜೋಳದ ರಾಶಿಯ ದಿನಗಳು. ಮುಂಜಾನೆ ಒಬ್ಬನು ಓಡಿ ಬಂದು, ತನ್ನ ಖಿಲ್ಲಾರಿ ಜೋಡಿಯಲ್ಲಿ ಬಲಗಡೆಯ ಎತ್ತಿನ ಹೊಟ್ಟೆ ಉಬ್ಬಿದೆ, ಸಾಹೇಬರು ನೋಡಬೇಕು ಎಂದನು. ನಾನು ಬೇಸಾಯ ಕಲಿತವನೇ ಹೊರತು ಪಶುವೈದ್ಯನಲ್ಲ. ಆದರೂ ಗೊತ್ತಿಲ್ಲವೆಂದು ಹೇಳಲು ಆ ವಯಸ್ಸಿನಲ್ಲಿ ನಾಲಗೆ ಏಳಲಿಲ್ಲ. ಹೊಟ್ಟೆ ಉಬ್ಬಿದ್ದಕ್ಕೆ ಎಣ್ಣೆ ಕುಡಿಸಬೇಕೆಂದು ಓದಿದ್ದೆ. ಎಣ್ಣೆ ಕುಡಿಸಿರೆಂದು ಹೇಳಿ ನನ್ನ ಕೆಲಸಕ್ಕೆ ಹೊರಟೆ. ಮರುದಿನ ಸಂಜೆ ಪಶುವೈದ್ಯರು ಬಂದರು. ಅವರು ಎತ್ತಿನ ಎಡಪಕ್ಕೆಗೆ ಮುಷ್ಟಿಯನ್ನೊತ್ತಿ ನೋಡಿ, ಮೊದಲು ಕೇಳಿದ್ದು ಒಂದೇ ಮಾತು: "ಇದು ಏನು ತಿಂದಿತ್ತು?" ರಾತ್ರಿ ದಾವಣಿ ಹರಿದುಕೊಂಡು ಕಣದಲ್ಲಿಯ ರಾಶಿಗೆ ಬಾಯಿ ಹಾಕಿತ್ತೆಂದು ಮನೆಯ ಹುಡುಗನು ಆಗ ಹೇಳಿದನು. ನಾನು ಕೇಳಿರಲೇ ಇಲ್ಲ. ಎತ್ತು ಮೂರನೆಯ ದಿನ ಸತ್ತಿತು. ಹಿಂಗಾರಿ ಬಿತ್ತನೆಯ ಮುಖದಲ್ಲಿ ಒಂಟಿ ಎತ್ತಿನವನ ಗತಿ ಏನೆಂಬದು ಓದುಗರಾದ ತಮಗೆ ನಾನು ಹೇಳಬೇಕಾದದ್ದಿಲ್ಲ. ಅಕ್ಕಪಕ್ಕದವರ ಬಿತ್ತನೆ ಮುಗಿದ ಮೇಲೆ ಅವರ ಎತ್ತನ್ನು ಕೇಳಿ ತಂದು ಅವನು ಕೂರಿಗೆ ಹೂಡುವ ಹೊತ್ತಿಗೆ ನೆಲದ ಹಸಿಯು ಆರಿಹೋಗಿತ್ತು.

ಆದಕಾರಣ, ಹೊಟ್ಟೆ ಉಬ್ಬಿದ ದನವನ್ನು ಕಂಡ ಕೂಡಲೆ ಅದು ಹಸುರು ತಿಂದಿತೋ, ಕಾಳು ತಿಂದಿತೋ ಎಂದು ಮೊದಲು ವಿಚಾರಿಸತಕ್ಕದ್ದು. ದನಕಾಯುವ ಹುಡುಗನನ್ನು ಗದರಿಸದೆ ಕೇಳಬೇಕು. ಬೈಗಳಿಗೆ ಹೆದರಿ ಅವನು ಸುಳ್ಳು ಹೇಳಿದರೆ ಔಷಧವು ತಪ್ಪುತ್ತದೆ.

ಹಸುರು ತಿಂದು ಉಬ್ಬಿದ್ದರೆ ಎಣ್ಣೆಯೇ ಮೊದಲ ಮದ್ದು. ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕಡೆಯ ಪ್ರತಿಯೊಂದು ಅಡಿಗೆಮನೆಯಲ್ಲಿರುವ ಶೇಂಗಾ ಎಣ್ಣೆಯೇ ಸಾಕು. ಬೆಳೆದ ಎತ್ತು, ಆಕಳು, ಎಮ್ಮೆಗಳಿಗೆ ಕಾಲು ಲೀಟರಿನಿಂದ ಅರ್ಧ ಲೀಟರಿನವರೆಗೆ ಕುಡಿಸಬೇಕು. ಎಣ್ಣೆಯು ಗುಳ್ಳೆಗಳ ಪೊರೆಯನ್ನು ಒಡೆಯುತ್ತದೆ. ಒಡೆದ ಗುಳ್ಳೆಗಳ ವಾಯುವು ಒಂದುಗೂಡಿ ತೇಗಾಗಿ ಹೊರಬೀಳುತ್ತದೆ. ಕುದಿಯುವ ಬೆಲ್ಲದ ಪಾಕವು ಉಕ್ಕಿ ಬಂದಾಗ ಗಾಣದವರು ನಾಲ್ಕು ಹನಿ ಎಣ್ಣೆ ಬಿಟ್ಟು ನೊರೆಯನ್ನು ಇಳಿಸುವದನ್ನು ನೋಡಿದವರಿಗೆ ಇದರ ಮರ್ಮವು ಕೂಡಲೆ ತಿಳಿದೀತು. ನ್ಯೂಜಿಲಂಡ ದೇಶದಲ್ಲಿ ಸಾವಿರಾರು ಆಕಳುಗಳನ್ನು ದ್ವಿದಳ ಹುಲ್ಲಿನ ಮೇಲೆಯೇ ಮೇಯಿಸುತ್ತಾರೆ. ಅಲ್ಲಿ 1950ರ ದಶಕದಲ್ಲಿ ಇದೇ ಶೇಂಗಾ ಎಣ್ಣೆಯನ್ನು ನೀರಿನಲ್ಲಿ ಬೆರೆಸಿ ಹುಲ್ಲುಗಾವಲಿನ ಮೇಲೆ ಸಿಂಪಡಿಸಿ ಉಬ್ಬರವನ್ನು ತಡೆದರು. 1960ರ ದಶಕದಲ್ಲಿ ಅಮೆರಿಕದವರು ಪೊಲೊಕ್ಸಲೀನ್ ಎಂಬ ನೊರೆಮುರುಕ ಔಷಧವನ್ನು ಬಳಕೆಗೆ ತಂದರು. ನಮ್ಮ ಪಶು ಔಷಧಿಯ ಅಂಗಡಿಗಳಲ್ಲಿ ಸಿಮೆಥಿಕೋನ್ ಮುಂತಾದವು ಕೂಡಿದ ಸಿದ್ಧ ಔಷಧಗಳು ದೊರೆಯುತ್ತವೆ. ಒಂದು ಬಾಟಲಿಯನ್ನು ಮನೆಯಲ್ಲಿಟ್ಟುಕೊಂಡವರು ಬುದ್ಧಿವಂತರು. ಆದರೆ ಅದಿಲ್ಲವೆಂದು ಅಂಗಡಿಗೆ ಓಡುತ್ತ ತಾಸು ಕಳೆಯುವದಕ್ಕಿಂತ ಕೈಯಲ್ಲಿದ್ದ ಎಣ್ಣೆಯನ್ನು ಕುಡಿಸುವದು ಮೇಲು.

ಕುಡಿಸುವ ರೀತಿಯಲ್ಲಿ ನಮ್ಮವರು ಮಾಡುವ ತಪ್ಪಿನಿಂದ ಉಬ್ಬರದಲ್ಲಿ ಬದುಕಿದ ಎತ್ತು ಪುಪ್ಪುಸದ ಬೇನೆಯಿಂದ ಸಾಯುವದುಂಟು. ಒಬ್ಬನು ಮೂಗುದಾಣವನ್ನು ಹಿಡಿದು ಮೋರೆಯನ್ನು ಆಕಾಶಕ್ಕೆ ಎತ್ತುತ್ತಾನೆ. ಮತ್ತೊಬ್ಬನು ನಾಲಗೆಯನ್ನು ಹೊರಗೆ ಎಳೆಯುತ್ತಾನೆ. ಮೂರನೆಯವನು ಗೊಟ್ಟವನ್ನು ಗಂಟಲಲ್ಲಿ ಬೋರಲು ಹಾಕುತ್ತಾನೆ. ಹೀಗೆ ಮಾಡಿದರೆ ಎತ್ತಿಗೆ ನುಂಗಲಿಕ್ಕೆ ಬರುವದಿಲ್ಲ. ಎಣ್ಣೆಯು ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಮೋರೆಯು ನೆಲಕ್ಕೆ ಸಮಾನವಾಗಿರುವಷ್ಟು ಮಾತ್ರ ಎತ್ತಿ, ನಾಲಗೆಯನ್ನು ಮುಟ್ಟದೆ, ಗೊಟ್ಟವನ್ನು ತುಟಿಯ ಮೂಲೆಯಿಂದ ಸೇರಿಸಿ, ಗುಟುಕು ಗುಟುಕಾಗಿ ಹಾಕಬೇಕು. ಕೆಮ್ಮು ಬಂದ ಕೂಡಲೆ ಬಿಟ್ಟುಬಿಡಬೇಕು. ನೆಲಕ್ಕೆ ಬಿದ್ದ ದನಕ್ಕೆ ಏನನ್ನೂ ಕುಡಿಸಲಾಗದು.

ಎಣ್ಣೆ ಕುಡಿಸಿದ ಮೇಲೆ ದನವನ್ನು ಮೆಲ್ಲಗೆ ನಡೆಸಾಡಿಸಬೇಕು. ನಿಲ್ಲಿಸುವಾಗ ಮುಂಗಾಲುಗಳು ದಿಬ್ಬದ ಮೇಲೆ, ಹಿಂಗಾಲುಗಳು ತಗ್ಗಿನಲ್ಲಿ ಬರುವಂತೆ ನಿಲ್ಲಿಸಿದರೆ ಪುಪ್ಪುಸದ ಮೇಲಿನ ಭಾರವು ಕಡಿಮೆಯಾಗುತ್ತದೆ. ಬೇವಿನ ಟೊಂಗೆಯ ಒಂದು ತುಂಡನ್ನು ಕಡಿವಾಣದಂತೆ ಬಾಯಿಗೆ ಅಡ್ಡಲಾಗಿಟ್ಟು ಕೋಡುಗಳ ಹಿಂದೆ ಹಗ್ಗದಿಂದ ಕಟ್ಟುವ ನಮ್ಮ ಹಿರಿಯರ ಪದ್ಧತಿಯು ಒಳ್ಳೆಯದು. ಎತ್ತು ಅದನ್ನು ಜಗಿಯುತ್ತ ಜೊಲ್ಲನ್ನು ಸುರಿಸುತ್ತದೆ, ಜೊಲ್ಲು ನೊರೆಯನ್ನು ಕುಗ್ಗಿಸುತ್ತದೆ.

ಹಿರಿಯರ ಎಲ್ಲ ಪದ್ಧತಿಗಳಿಗೂ ಇದೇ ಮಾತನ್ನು ಹೇಳುವಂತಿಲ್ಲ. ಇಂಗು, ಅಜವಾನ, ಶುಂಠಿಗಳನ್ನು ಎಣ್ಣೆಯಲ್ಲಿ ಕೂಡಿಸಿದರೆ ಕೇಡೇನೂ ಇಲ್ಲ. ಆದರೆ ಅವುಗಳನ್ನು ಕುಟ್ಟಿ ಸೋಸುವದರಲ್ಲಿ ಅರ್ಧ ತಾಸು ಕಳೆಯಬಾರದು. ಸೀಮೆಎಣ್ಣೆಯನ್ನು ಕುಡಿಸುವದು ಸರ್ವಥಾ ತಪ್ಪು. ಅದು ಕರುಳನ್ನು ಸುಡುತ್ತದೆ. ಸ್ವಲ್ಪ ಪುಪ್ಪುಸಕ್ಕೆ ಸೇರಿದರೂ ದನವು ಉಳಿಯುವದಿಲ್ಲ. ಅಡಿಗೆಯ ಸೋಡಾವನ್ನು ಕಂಡ ಕಂಡ ಉಬ್ಬರಕ್ಕೆಲ್ಲ ಕುಡಿಸುವವರೂ ಇದ್ದಾರೆ. ಅದು ಹೊಟ್ಟೆಯ ಹುಳಿಗೆ ತಗಲಿ ಇನ್ನಷ್ಟು ವಾಯುವನ್ನೇ ಹುಟ್ಟಿಸುತ್ತದೆಂಬದನ್ನು ಅವರು ಮರೆಯುತ್ತಾರೆ. ಇನ್ನು ಕಾಯಿಸಿದ ಕುಡುಗೋಲಿನಿಂದ ಪಕ್ಕೆಗೆ ಬರೆ ಎಳೆಯುವದು ಬೇನೆಯ ಮೇಲೊಂದು ಬೇನೆ. ಉಬ್ಬರಕ್ಕೂ ಬರೆಗೂ ಯಾವ ಸಂಬಂಧವೂ ಇಲ್ಲ.

ಹೊಟ್ಟೆಗೆ ಚುಚ್ಚಿ ವಾಯುವನ್ನು ತೆಗೆಯುವ ವಿಷಯವಾಗಿ ಪದೇ ಪದೇ ಕೇಳುತ್ತಾರೆ. ಟ್ರೋಕಾರ್ ಎಂಬ ಚೂಪಾದ ಸಲಾಕಿಯನ್ನೂ ಅದರ ಕೊಳವೆಯನ್ನೂ ಪಶುವೈದ್ಯರು ಇದಕ್ಕಾಗಿಯೇ ಇಟ್ಟಿರುತ್ತಾರೆ. ಎಡಬದಿಯಲ್ಲಿ, ಕಡೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ತುದಿಗೂ ಸರಿಯಾದ ನಡುವೆ, ಬೆನ್ನಿನ ಅಡ್ಡೆಲುಬುಗಳ ಅಂಚಿನಿಂದ ಒಂದು ಅಂಗೈಯಷ್ಟು ಕೆಳಗೆ, ಬಲ ಮುಂಗಾಲಿನ ಮೊಣಕೈಯ ದಿಕ್ಕಿಗೆ ಚುಚ್ಚುತ್ತಾರೆ. ಬಲಬದಿಗೆ ಎಂದೂ ಚುಚ್ಚಲಾಗದು. ಇದನ್ನು ಬರೆದಿರುವದು ಪ್ರತಿಯೊಬ್ಬನೂ ದಬ್ಬಣವನ್ನು ಹಿಡಿದು ಹೊರಡಲೆಂದಲ್ಲ. ನೊರೆಯ ಉಬ್ಬರದಲ್ಲಿ ಸಣ್ಣ ಕೊಳವೆಯಿಂದ ಎರಡು ಗುಳ್ಳೆ ಬಂದು ನಿಂತುಹೋಗುತ್ತದೆ. ಹೊಟ್ಟೆಯೊಳಗಿನ ಕಸವು ಉದರದಲ್ಲಿ ಸೋರಿ ಕೀವಾಗಿ, ವಾರದ ಮೇಲೆ ದನವು ಸಾಯುವದು ಸಾಧ್ಯ. ಎತ್ತು ನೆಲಕ್ಕೆ ಬಿದ್ದು ಉಸಿರು ಕಟ್ಟುತ್ತಿರುವಾಗ, ವೈದ್ಯರು ಬರುವ ಸಂಭವವೇ ಇಲ್ಲದಿರುವಾಗ ಮಾತ್ರ ಇದು ಕಡೆಯ ಉಪಾಯ.

ಹಸುರನ್ನೂ ಕಾಳನ್ನೂ ತಿನ್ನದೆ ಹೊಟ್ಟೆ ಉಬ್ಬುವದಕ್ಕೆ ಬೇರೆ ಕಾರಣಗಳಿವೆ. ಕಬ್ಬಿನ ತುಂಡು, ಮಾವಿನ ಗೊರಟೆ, ಗೋವಿನಜೋಳದ ದಂಡು ಗಂಟಲಲ್ಲಿ ಸಿಕ್ಕಿ ತೇಗಿನ ದಾರಿಯನ್ನು ಕಟ್ಟಬಹುದು. ಆಗ ದನವು ಎಡೆಬಿಡದೆ ಜೊಲ್ಲು ಸುರಿಸುತ್ತ, ಕುತ್ತಿಗೆಯನ್ನು ಚಾಚುತ್ತ ಕೆಮ್ಮುತ್ತದೆ. ಇಂಥದಕ್ಕೆ ಎಣ್ಣೆ ಕುಡಿಸುವದು ಅಪಾಯ. ಕೋಲಿನಿಂದ ನೂಕುವದು ಅದಕ್ಕಿಂತಲೂ ಅಪಾಯ. ವೈದ್ಯರನ್ನೇ ಕರೆಯಿಸಬೇಕು. ನಾಲು ಬಡಿಯಲಿಕ್ಕೆ ಎತ್ತನ್ನು ಕೆಡವಿದಾಗಲೂ ಎಚ್ಚರ ಬೇಕು. ಹೊಟ್ಟೆ ತುಂಬಿದ ಎತ್ತನ್ನು ಬಹಳ ಹೊತ್ತು ಮಗ್ಗುಲಾಗಿ ಕೆಡವಿದರೆ ದ್ರವವು ಆ ಬಾಗಿಲಿಗೆ ಅಡ್ಡ ಬಂದು ತೇಗು ನಿಲ್ಲುತ್ತದೆ. ಮುಂಜಾನೆ ಮೇವು ಹಾಕುವ ಮೊದಲೇ ನಾಲು ಬಡಿಸುವದು ಲೇಸು.

ಈಗ ಕಾಳಿನ ವಿಷಯ. ನನ್ನ ತಪ್ಪು ನಡೆದದ್ದೂ ಇಲ್ಲಿಯೇ. ಗೋವಿನಜೋಳ, ಜೋಳ, ಗೋದಿ, ಅಕ್ಕಿ, ಹಿಟ್ಟು, ಮದುವೆಯ ಮನೆಯಲ್ಲಿ ಉಳಿದ ಅನ್ನ ಹೋಳಿಗೆಗಳು, ಇವೆಲ್ಲ ಒಂದೇ ಜಾತಿ. ಇವುಗಳ ಪಿಷ್ಟವು ಹೊಟ್ಟೆಯ ಚೀಲದಲ್ಲಿ ಅತಿ ವೇಗವಾಗಿ ಹುದುಗಿ ಲ್ಯಾಕ್ಟಿಕ್ ಆಮ್ಲವೆಂಬ ಹುಳಿಯಾಗುತ್ತದೆ. ಕಣಿಕೆಯನ್ನು ಕರಗಿಸುವ ಒಳ್ಳೆಯ ಜೀವಿಗಳು ಆ ಹುಳಿಯಲ್ಲಿ ಸಾಯುತ್ತವೆ. ಹುಳಿಯು ಮೈಯೊಳಗಿನ ರಕ್ತದ ನೀರನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಇಲ್ಲಿ ಹೊಟ್ಟೆಯು ಹಲಗೆಯಂತೆ ಬಾರಿಸುವದಿಲ್ಲ; ಮುಷ್ಟಿಯಿಂದ ಒತ್ತಿದರೆ ನಾದಿದ ಹಿಟ್ಟಿನಂತೆ ತಗ್ಗು ಬೀಳುತ್ತದೆ, ಇಲ್ಲವೆ ಒಳಗೆ ನೀರು ತುಳುಕುತ್ತದೆ. ಅರ್ಧ ದಿನ ಒಂದು ದಿನದೊಳಗೆ ಹುಳಿ ವಾಸನೆಯ ತೆಳು ಸಗಣಿ, ಒಳಸೇರಿದ ಕಣ್ಣುಗಳು, ಕುಡಿದವನಂಥ ನಡಿಗೆ ಕಾಣುತ್ತವೆ. ಎಣ್ಣೆಯು ಈ ಹುಳಿಯನ್ನು ಕಳೆಯಲಾರದು. ಉಳಿದ ಕಾಳನ್ನು ಕೂಡಲೆ ದೂರ ಮಾಡಿ, ಒಣ ಕಣಿಕೆಯನ್ನು ಮಾತ್ರ ಮುಂದಿಟ್ಟು, ನೀರನ್ನು ಒಮ್ಮೆಲೇ ಕುಡಿಯಗೊಡದೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತ, ನಡೆಸಾಡಿಸುತ್ತ, ವೈದ್ಯರನ್ನು ಕರೆಯಿಸಬೇಕು. ಹುಳಿಯನ್ನು ಮುರಿಯುವ ಔಷಧವನ್ನು ದನದ ತೂಕಕ್ಕೆ ತಕ್ಕಂತೆ ಅಳೆದು ಕೊಡುವದು, ರಕ್ತನಾಳಕ್ಕೆ ದ್ರವವನ್ನು ಏರಿಸುವದು, ತೀರಾ ಹೆಚ್ಚಾದರೆ ಹೊಟ್ಟೆಯನ್ನು ಸೀಳಿ ಕಾಳನ್ನು ತೆಗೆಯುವದು, ಇವು ಅವರ ಕೆಲಸ. ಇಲ್ಲಿಯ ಮೋಸವೆಂದರೆ ಕಾಳು ತಿಂದ ದನವು ಮೊದಲ ಐದಾರು ತಾಸು ಚೆನ್ನಾಗಿಯೇ ಕಾಣುತ್ತದೆ. ಲಕ್ಷಣಗಳಿಗಾಗಿ ಕಾಯದೆ, ರಾಶಿಗೆ ಬಾಯಿ ಹಾಕಿತೆಂದು ಗೊತ್ತಾದ ಗಳಿಗೆಯಲ್ಲಿಯೇ ಹೇಳಿ ಕಳಿಸತಕ್ಕದ್ದು. ಬದುಕಿದ ದನಗಳಿಗೂ ಎಷ್ಟೋ ಸಲ ಗೊರಸಿಗೆ ಉರಿ ಬಿದ್ದು ಕುಂಟು ಉಳಿಯುತ್ತದೆ.

ಕಾರಹುಣ್ಣಿವೆಯ ವಿಷಯವನ್ನು ಇಲ್ಲಿಯೇ ಹೇಳುವದು ಯುಕ್ತ. ವರ್ಷವೆಲ್ಲ ದುಡಿದ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೋಳದ ಕಿಚಡಿ ತಿನ್ನಿಸಿ, ಗೊಟ್ಟದಲ್ಲಿ ಎಣ್ಣೆ ಕುಡಿಸುವ ನಮ್ಮ ಪದ್ಧತಿಯು ಕೃತಜ್ಞತೆಯ ಪದ್ಧತಿ. ಅದನ್ನು ಬಿಡಿರೆಂದು ನಾನು ಹೇಳಲಾರೆ. ಆದರೆ ಬೇಸಿಗೆಯಿಡೀ ಬರೀ ಕಣಿಕೆ ತಿಂದ ಹೊಟ್ಟೆಗೆ ಒಂದೇ ದಿನ ಬುಟ್ಟಿಗಟ್ಟಲೆ ಕಿಚಡಿ ಇಟ್ಟರೆ ಮೇಲೆ ಹೇಳಿದ ಹುಳಿಯೇ ಹುಟ್ಟುತ್ತದೆ. ಎತ್ತಿಗೆ ಒಂದು ಬೊಗಸೆ ಎರಡು ಬೊಗಸೆ ಸಾಕು. ಅದೂ ಕಣಿಕೆ ತಿಂದಾದ ಮೇಲೆ. ಭಾರತ ಹುಣ್ಣಿವೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ದಾರಿಯಲ್ಲಿ ಹಸಿದ ಎತ್ತುಗಳನ್ನು ಕಡಲೆಯ ಹೊಲದ ಬದುವಿನಲ್ಲಿ ಬಿಡಬಾರದು.

ಎಳೆಯ ಜೋಳದ ವಿಷಯವೂ ಬೇರೆಯೇ. ಮಳೆಯಿಲ್ಲದೆ ಬಾಡಿದ ಎಳೆಜೋಳದಲ್ಲಿಯೂ ಕೊಯ್ದ ಮೇಲೆ ಚಿಗಿತ ಕೂಳೆಯಲ್ಲಿಯೂ ಸಯನೈಡು ಎಂಬ ವಿಷವು ಹುಟ್ಟುತ್ತದೆ. ಅದನ್ನು ತಿಂದ ದನವು ಏದುಸಿರು ಬಿಡುತ್ತ, ನಡುಗುತ್ತ ಕಾಲು ತಾಸಿನಲ್ಲಿಯೇ ಬೀಳಬಹುದು. ಅದರ ಹೊಟ್ಟೆಯೂ ಸ್ವಲ್ಪ ಉಬ್ಬಿರುತ್ತದೆ. ಮನೆಯ ಮದ್ದು ಯಾವದೂ ಇದಕ್ಕೆ ನಡೆಯುವದಿಲ್ಲ, ವೈದ್ಯರ ಸೂಜಿಯೊಂದೇ ದಾರಿ. ಹೂ ಬಿಡುವ ತನಕ ಹಸಿಜೋಳವನ್ನು ಮೇಯಿಸದಿದ್ದರೆ ಈ ಭಯವೇ ಇರುವದಿಲ್ಲ.

ಉಬ್ಬರವನ್ನು ತಡೆಯುವದು ಕಠಿಣವಲ್ಲ. ಹಸಿದ ದನವನ್ನು ಹಸುರಿಗೆ ಬಿಡಬಾರದು. ಮೊದಲು ಕಣಿಕೆಯನ್ನು ತಿನ್ನಿಸಬೇಕು. ಕುದುರೆ ಮಸಾಲೆ, ಅಲಸಂದಿಗಳನ್ನು ಮುಂಜಾನೆ ಕೊಯ್ದು ಬಿಸಿಲಿಗೆ ಬಾಡಿಸಿ, ಕತ್ತರಿಸಿದ ಕಣಿಕೆಯೊಡನೆ ಕಲಸಿ ಹಾಕಬೇಕು. ಹೊಸ ಹಸುರಿಗೆ ಎಂಟು ಹತ್ತು ದಿನ, ಹೊಸ ಕಾಳಿಗೆ ಎರಡು ಮೂರು ವಾರ ಹಿಡಿದು ಮೆಲ್ಲ ಮೆಲ್ಲಗೆ ರೂಢಿ ಮಾಡಿಸಬೇಕು. ಕಣದಲ್ಲಿ ರಾಶಿ ಇರುವ ದಿನಗಳಲ್ಲಿ ದಾವಣಿಯನ್ನು ರಾತ್ರಿ ಮಲಗುವ ಮೊದಲು ಯಜಮಾನನು ಸ್ವತಃ ಎಳೆದು ನೋಡಬೇಕು. ಟ್ರ್ಯಾಕ್ಟರುಗಳು ಬಂದ ಮೇಲೆಯೂ ಎಡೆ ಹೊಡೆಯಲಿಕ್ಕೆ ಎತ್ತು ಬೇಕಷ್ಟೆ. ಹಗ್ಗದ ಬೆಲೆಯನ್ನು ನೋಡಿ ಎತ್ತನ್ನು ಕಳೆದುಕೊಳ್ಳುವದು ಯಾವ ಲೆಕ್ಕಕ್ಕೂ ಬರುವದಿಲ್ಲ.

ಗ್ರಾಮದ ಹಿರಿಯರಲ್ಲಿ ಒಂದು ವಿಜ್ಞಾಪನೆ. ಬಡವನ ಮನೆಯಲ್ಲಿ ನಡುರಾತ್ರಿ ಅರ್ಧ ಲೀಟರು ಎಣ್ಣೆ ಇರದೆ ಹೋಗಬಹುದು. ಪಂಚಾಯತಿಯ ಕಟ್ಟಡದಲ್ಲಿಯೋ ಗೌಡರ ಮನೆಯಲ್ಲಿಯೋ ಒಂದು ಲೀಟರು ಶೇಂಗಾ ಎಣ್ಣೆ, ಒಂದು ಬಾಟಲಿ ನೊರೆಮುರುಕ ಔಷಧ, ಒಂದು ಗೊಟ್ಟ, ಇಷ್ಟನ್ನು ಊರ ಹೆಸರಿನಲ್ಲಿ ಇಟ್ಟಿರಬೇಕು. ಸಂಚಾರಿ ಪಶುಚಿಕಿತ್ಸೆಯ ವಾಹನವನ್ನು ಕರೆಯುವ 1962 ಎಂಬ ಸಂಖ್ಯೆಯನ್ನೂ ಹತ್ತಿರದ ಪಶು ಆಸ್ಪತ್ರೆಯ ಸಂಖ್ಯೆಯನ್ನೂ ದೊಡ್ಡ ಅಕ್ಷರಗಳಲ್ಲಿ ಗೋಡೆಗೆ ಬರೆಯಿಸಬೇಕು. ವೈದ್ಯರೊಡನೆ ಮಾತನಾಡುವಾಗ ದನವು ಏನು ತಿಂದಿತು, ಎಷ್ಟು ಹೊತ್ತಾಯಿತು, ಏನು ಕುಡಿಸಲಾಗಿದೆ ಎಂಬ ಮೂರನ್ನೂ ತಪ್ಪದೆ ಹೇಳಬೇಕು.

ಉಬ್ಬರ ಇಳಿದ ಎತ್ತಿಗೆ ಆ ದಿನ ಕಣಿಕೆಯ ಹೊರತು ಬೇರೇನನ್ನೂ ಹಾಕಬಾರದು. ಹಸುರನ್ನು ನಾಲ್ಕು ದಿನ ಬಿಟ್ಟು, ಒಂದು ಹಿಡಿಯಿಂದ ಮತ್ತೆ ಪ್ರಾರಂಭಿಸಬೇಕು. ಮೆಲುಕು ಸರಿಯಾಗಿ ಬಂದ ಮೇಲೆಯೇ, ಅಂದರೆ ಎರಡು ಮೂರು ದಿನಗಳ ತರುವಾಯ, ನೊಗಕ್ಕೆ ಹೂಡಬಹುದು.